ಖಾರ ಹಾಕಿದವಳು

ನಮ್ಮ ಹಾಸನದ ಕಡೆ ಸಾರಿಗೆ ರುಬ್ಬುವ ಮಸಾಲೆಗೆಲ್ಲ ಒಟ್ಟಾಗಿ ‘ಖಾರ’ ಎಂದೇ ಹೆಸರು. ತೆಂಗಿನಕಾಯಿ ಹಾಕಲಿ, ಕೊತ್ತಂಬರಿ ಬೀಜ ಹಾಕಲಿ, ಚಕ್ಕೆ, ಲವಂಗ, ಗಸಗಸೆ ಏನೇ ಹಾಕಲಿ, ಒರಳಿನಿಂದ ಬಳಿದು ತೆಗೆದ ಮೇಲೆ ಅದು ಖಾರವೇ. ‘ಖಾರ ರುಬ್ಬಾಯಿತೇ?’ ಎಂದು ಯಾರಾದರೂ ಕೇಳಿದರೆ, ಅಡುಗೆಯ ಮುಖ್ಯ ಕೆಲಸ ಮುಗಿಯಿತೇ ಎಂದು ಅರ್ಥ. ಸಿಟ್ಟಿನ ಮಾತಿಗೂ ನಾವು ಬಳಸುವುದು ಇದೇ ಪದವನ್ನು. ‘ಯಾಕೋ ಇವತ್ತು ಮಾತು ಬಹಳ ಖಾರವಾಗಿದೆ’ ಎನ್ನುತ್ತೇವೆ. ಅಡುಗೆಗೂ ಸಿಟ್ಟಿಗೂ ಒಂದೇ ಪದ ಇರುವುದು ಸುಮ್ಮನೆ ಅಲ್ಲ ಎಂದು ನನಗನ್ನಿಸುತ್ತದೆ. ಗಂಡಸರಿಗೆ ಸಿಟ್ಟು ಬಂದರೆ ಜಗಲಿಯಿದೆ, ಅರಳಿಕಟ್ಟೆಯಿದೆ, ಎದ್ದು ಹೊರಟುಹೋಗಲು ಬೀದಿಯಿದೆ. ಹೆಂಗಸರ ಸಿಟ್ಟಿಗೆ ಇದ್ದ ಜಾಗ ಅಡುಗೆಮನೆಯೊಂದೇ. ಪಾತ್ರೆ ಕುಕ್ಕುವ ಸದ್ದು, ಒಗ್ಗರಣೆಯ ಘಾಟು, ಉಪ್ಪಿಲ್ಲದ ಪಲ್ಯ, ಬಾಯಿಗಿಡಲಾಗದ ಸಾರು, ಇವನ್ನೆಲ್ಲ ಓದಿಕೊಳ್ಳಲು ಬರುವವರಿಗೆ ಮನೆಯ ಸಮಾಚಾರ ಊಟದ ತಟ್ಟೆಯಲ್ಲೇ ಸಿಗುತ್ತಿತ್ತು.

ಇದಕ್ಕೆ ದೇಶ ಭಾಷೆಗಳ ಭೇದವಿಲ್ಲ ಎನ್ನುವುದಕ್ಕೆ ನನಗೆ ಸಾಕ್ಷಿ ಸಿಕ್ಕಿದ್ದು ಬಹಳ ದೂರದ ಒಂದು ಊರಿನಲ್ಲಿ, ಅದೂ ಒಂದು ಬನ್ನಿನ ನಡುವೆ.

2023ರ ಬೇಸಿಗೆ ರಜೆಯಲ್ಲಿ ಮಗಳನ್ನು ನೋಡಲು ಅಮೆರಿಕಕ್ಕೆ ಹೋಗಿದ್ದೆ. ಅವಳಿರುವುದು ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್‌ನಲ್ಲಿ. ಅದು ಹಾಡುಗಾರರ ಊರು. ‘ಕಂಟ್ರಿ’ ಎಂದು ಕರೆಯುವ ಅವರ ಸಂಗೀತಕ್ಕೆ ಅದೇ ರಾಜಧಾನಿ. ಗಿಟಾರು ಹೊತ್ತು ನಡೆಯುವ ಹುಡುಗರು ಬೀದಿ ಬೀದಿಯಲ್ಲಿ ಕಾಣುತ್ತಾರೆ. ಆ ಊರಿಗೆ ಇನ್ನೊಂದು ಹೆಮ್ಮೆಯೂ ಇದೆ, ‘ಹಾಟ್ ಚಿಕನ್’. ಮದ್ದೂರಿಗೆ ವಡೆ, ದಾವಣಗೆರೆಗೆ ಬೆಣ್ಣೆದೋಸೆ ಇದ್ದ ಹಾಗೆ ನ್ಯಾಶ್‌ವಿಲ್‌ಗೆ ಖಾರದ ಕೋಳಿ. 2007ರಿಂದ ಅದಕ್ಕೊಂದು ಹಬ್ಬವೂ ನಡೆಯುತ್ತಿದೆ, ಅವರ ಸ್ವಾತಂತ್ರ್ಯ ದಿನವಾದ ಜುಲೈ 4ರಂದು.

ಹೋದ ಮೂರನೆಯ ದಿನವೇ ಮಗಳು, “ಅಮ್ಮ, ನೀನು ಇದನ್ನು ತಿನ್ನಲೇಬೇಕು” ಎಂದು ಕರೆದುಕೊಂಡು ಹೋದಳು. ದೊಡ್ಡ ಹೋಟೆಲೇನಲ್ಲ. ಬಾಗಿಲಲ್ಲೇ ಸಾಲು ನಿಂತು, ಕೌಂಟರಿನಲ್ಲಿ ಹಣ ಕೊಟ್ಟು, ಚೀಟಿಯ ನಂಬರು ಕೂಗಿದಾಗ ಹೋಗಿ ತಟ್ಟೆ ತರಬೇಕು. ಮರದ ಬೆಂಚು, ಕಾಗದ ಹಾಸಿದ ತಟ್ಟೆ, ಗೋಡೆಯ ಮೇಲೆ ದೊಡ್ಡ ಹಲಗೆ. ಅದರ ಮೇಲೆ ತಿಂಡಿಯ ಹೆಸರುಗಳಿಗಿಂತ ಎದ್ದು ಕಾಣುತ್ತಿದ್ದದ್ದು ಖಾರದ ಮೆಟ್ಟಿಲುಗಳು. ಖಾರವೇ ಇಲ್ಲದ್ದು, ಮೈಲ್ಡ್, ಮೀಡಿಯಂ, ಹಾಟ್, ಅದಕ್ಕೂ ಮೇಲಿನದು, ಅದಕ್ಕೂ ಮೇಲಿನದು.

“ನೀನು ಮೀಡಿಯಂ ತಗೋ” ಎಂದಳು ಮಗಳು.

“ವರ್ಷತೊಡಕಿನ ಸಾರು ತಿಂದು ಬೆಳೆದ ನಾಲಿಗೆ ಕಣೆ ಇದು. ಹಾಟ್ ಹೇಳು” ಎಂದೆ.

ಬಂದದ್ದು ಅಂಗೈ ಮೀರುವಷ್ಟು ದೊಡ್ಡ ಸ್ಯಾಂಡ್‌ವಿಚ್. ಬನ್ನು ಚಿಕ್ಕದು, ಕೋಳಿ ದೊಡ್ಡದು. ನಾಲ್ಕೂ ಕಡೆಯಿಂದ ಹೊರಗೆ ಚಾಚಿಕೊಂಡಿತ್ತು, ಅಣ್ಣನ ಅಂಗಿ ಬಿಟ್ಟು ತಮ್ಮನ ಅಂಗಿ ಹಾಕಿಕೊಂಡವನ ಹಾಗೆ. ಒಳಗೆ ವಿನಿಗರಿನಲ್ಲಿ ನೆನೆಸಿದ ಸೌತೆಕಾಯಿ ಬಿಲ್ಲೆಗಳು, ಸಣ್ಣಗೆ ಹೆಚ್ಚಿದ ಎಲೆಕೋಸು. ಕೋಳಿಯ ಬಣ್ಣ ನಮ್ಮ ಇಟ್ಟಿಗೆಗೂಡಿನ ಇಟ್ಟಿಗೆಯಂತೆ ಕೆಂಪು.

ಮಾಡುವ ಬಗೆಯನ್ನು ಮಗಳು ವಿವರಿಸಿದಳು. ಮೂಳೆ ತೆಗೆದ ಎದೆಯ ಮಾಂಸವನ್ನು ಉಪ್ಪು ಬೆರೆಸಿದ ಮಜ್ಜಿಗೆಯಲ್ಲಿ ನೆನೆಹಾಕುತ್ತಾರೆ. ಮೈದಾ ಹಿಟ್ಟಿನಲ್ಲಿ ಹೊರಳಿಸಿ ಕಾದ ಎಣ್ಣೆಯಲ್ಲಿ ಗರಿಗರಿಯಾಗಿ ಕರಿಯುತ್ತಾರೆ. ಇಲ್ಲಿಯವರೆಗೆ ವಿಶೇಷವಿಲ್ಲ. ಆಮೇಲೆ ಅದೇ ಬಿಸಿ ಎಣ್ಣೆಯನ್ನು ಸೌಟಿನಲ್ಲಿ ತೆಗೆದು, ಕೇಯನ್ ಎಂಬ ಜಾತಿಯ ಮೆಣಸಿನಕಾಯಿ ಪುಡಿ, ಬೆಳ್ಳುಳ್ಳಿ ಪುಡಿ, ಉಪ್ಪು, ಚಿಟಿಕೆ ಸಕ್ಕರೆ ಹಾಕಿ ಕಲಸಿ, ಆ ರಾಡಿಯನ್ನು ಕರಿದ ಕೋಳಿಯ ಮೈತುಂಬ ಬಳಿಯುತ್ತಾರೆ. ಅಸಲು ಹಾಟ್ ಚಿಕನ್ ಸ್ಯಾಂಡ್‌ವಿಚ್ಚೇ ಅಲ್ಲವಂತೆ. ಮೂಳೆ ಸಹಿತ ಕೋಳಿಯ ಕಾಲುಭಾಗವನ್ನು ಬಿಳಿ ಬ್ರೆಡ್ಡಿನ ಮೇಲಿಟ್ಟು, ಮೇಲೆ ಸೌತೆಕಾಯಿ ಬಿಲ್ಲೆ ಸಿಕ್ಕಿಸಿ ಕೊಡುವುದೇ ಹಳೆಯ ಪದ್ಧತಿ. ಕೆಳಗಿನ ಬ್ರೆಡ್ಡು ಖಾರದೆಣ್ಣೆಯನ್ನು ಹೀರಿ ಕೆಂಪಾಗುತ್ತದೆ. ಕೈಯಲ್ಲಿ ಹಿಡಿದು ತಿನ್ನುವ ಸ್ಯಾಂಡ್‌ವಿಚ್ ಆಮೇಲಿನದು.

ಮೊದಲ ತುತ್ತು ಬಹಳ ರುಚಿಯಾಗಿತ್ತು. ಎರಡನೆಯದೂ ಸರಿ. ಮೂರನೆಯ ತುತ್ತಿಗೆ ಕಿವಿಯ ಹಿಂದೆ ಬೆವರು ಒಡೆಯಿತು. ನಾಲ್ಕನೆಯದಕ್ಕೆ ಕಣ್ಣು ಮೂಗು ಎರಡೂ ಸುರಿಯತೊಡಗಿದವು. ನಮ್ಮ ಸಾರಿನಲ್ಲಿ ಮೆಣಸಿನಕಾಯಿ ಎಷ್ಟೇ ಇದ್ದರೂ ನೀರು, ತೆಂಗಿನಕಾಯಿ, ಈರುಳ್ಳಿಯ ನಡುವೆ ಹಂಚಿಹೋಗಿರುತ್ತದೆ, ಜೊತೆಗೆ ಮುದ್ದೆಯ ಆಸರೆ ಇರುತ್ತದೆ. ಇಲ್ಲಿ ಬರೀ ಪುಡಿ, ಬರೀ ಎಣ್ಣೆ. ಎಣ್ಣೆಯಲ್ಲಿ ಕರಗಿದ ಖಾರ ನಾಲಿಗೆಗೆ ಅಂಟಿಕೊಂಡು ಕೂರುತ್ತದೆ, ನೀರು ಕುಡಿದಷ್ಟೂ ಹರಡುತ್ತದೆಯೇ ಹೊರತು ಇಳಿಯುವುದಿಲ್ಲ. ಮಗಳು ಓಡಿಹೋಗಿ ಒಂದು ಲೋಟ ತಣ್ಣನೆಯ ಹಾಲು ತಂದಳು. ಹಾಲಿನಲ್ಲಿರುವ ಕೇಸೀನ್ ಎಂಬ ಅಂಶ ಖಾರವನ್ನು ಹಿಡಿದು ತೊಳೆದುಬಿಡುತ್ತದೆ. ನಮ್ಮವರು ಊಟದ ಕೊನೆಗೆ ಮಜ್ಜಿಗೆ ಇಟ್ಟದ್ದರಲ್ಲಿ ಎಷ್ಟು ವಿವೇಕವಿದೆ ನೋಡಿ.

ಅಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಖಾರವನ್ನು ನಾವು ಷಡ್ರಸಗಳಲ್ಲಿ ಒಂದೆಂದು ಎಣಿಸಿದರೂ ವಿಜ್ಞಾನದ ಪ್ರಕಾರ ಅದು ರುಚಿಯಲ್ಲ, ನೋವು. ಬಿಸಿ ತಗುಲಿದಾಗ ‘ಸುಟ್ಟಿತು’ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ನರಗಳನ್ನೇ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಟ್ಟಿ ಎಬ್ಬಿಸುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಮೆಣಸಿನಕಾಯಿಯೂ ಮೂಲತಃ ನಮ್ಮದಲ್ಲ. ಅಮೆರಿಕ ಖಂಡದಲ್ಲಿ ಹುಟ್ಟಿ, ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದದ್ದು. ಅದಕ್ಕೆ ಮುಂಚೆ ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದವು ಕರಿಮೆಣಸು ಮತ್ತು ಹಿಪ್ಪಲಿ. ಹೊಸದಾಗಿ ಬಂದದ್ದಕ್ಕೆ ಹಳೆಯ ಮೆಣಸಿನ ಹೆಸರನ್ನೇ ಇಟ್ಟು ‘ಮೆಣಸಿನಕಾಯಿ’ ಎಂದೆವು. ಈಗ ಹಾವೇರಿ ಜಿಲ್ಲೆಯ ಬ್ಯಾಡಗಿ ಎಂದರೆ ಮೆಣಸಿನಕಾಯಿ ಎನ್ನುವಷ್ಟು ಅದು ನಮ್ಮದಾಗಿದೆ.

ಕಣ್ಣೊರೆಸಿಕೊಂಡು ನಾನು ಸ್ಯಾಂಡ್‌ವಿಚ್ಚನ್ನು ಮತ್ತೆ ಕೈಗೆತ್ತಿಕೊಂಡಾಗ ಮಗಳು ನಗುತ್ತಾ ಅದರ ಹುಟ್ಟಿನ ಕಥೆ ಹೇಳಿದಳು. ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ.

1930ರ ದಶಕದಲ್ಲಿ ನ್ಯಾಶ್‌ವಿಲ್‌ನ ಕಪ್ಪು ಜನರ ಕೇರಿಯಲ್ಲಿ ಥಾರ್ನ್‌ಟನ್ ಪ್ರಿನ್ಸ್ ಎಂಬಾತನಿದ್ದ. ಎತ್ತರದ ಆಳು, ರೂಪವಂತ, ಹೆಂಗಸರ ಸಹವಾಸ ಹೆಚ್ಚು. ಒಂದು ಶನಿವಾರ ರಾತ್ರಿ ಎಲ್ಲೆಲ್ಲೋ ತಿರುಗಿ ಬಹಳ ಹೊತ್ತಾದ ಮೇಲೆ ಮನೆಗೆ ಬಂದ. ಅವನ ಜೊತೆಗಿದ್ದ ಹೆಂಗಸು ಒಂದೂ ಮಾತಾಡಲಿಲ್ಲ. ಬೆಳಗಾದ ಮೇಲೆ ಅವನಿಗೆ ಇಷ್ಟವಾದ ಕರಿದ ಕೋಳಿ ಮಾಡಿ, ಮನೆಯಲ್ಲಿದ್ದ ಖಾರವನ್ನೆಲ್ಲ ಅದರ ಮೇಲೆ ಸುರಿದು ಮುಂದಿಟ್ಟಳು. ಒದ್ದಾಡಲಿ ಎಂದು ಅವಳ ಎಣಿಕೆ. ಆದರೆ ಅವನಿಗೆ ಅದು ರುಚಿಸಿಬಿಟ್ಟಿತು. ಇನ್ನೂ ಬೇಕೆಂದ. ಅಣ್ಣತಮ್ಮಂದಿರಿಗೂ ತಿನ್ನಿಸಿದ. ಮುಂದೆ ಎಲ್ಲರೂ ಸೇರಿ ಅದನ್ನೇ ಮಾರುವ ಹೋಟೆಲು ತೆರೆದರು. ಆ ಹೋಟೆಲು ಇವತ್ತಿಗೂ ಪ್ರಿನ್ಸ್ ಎಂಬ ಹೆಸರಿನಲ್ಲೇ ನಡೆಯುತ್ತಿದೆ. ಈಚಿನ ವರ್ಷಗಳಲ್ಲಿ ದೊಡ್ಡ ದೊಡ್ಡ ಕಂಪನಿಗಳೂ ನ್ಯಾಶ್‌ವಿಲ್ ಖಾರದ ಕೋಳಿ ಎಂದು ಹೆಸರು ಹಾಕಿ ದೇಶದ ಉದ್ದಗಲಕ್ಕೂ ಮಾರಿವೆ.

“ಅವಳ ಹೆಸರೇನು?” ಎಂದೆ.

“ಯಾರ ಹೆಸರು?”

“ಖಾರ ಹಾಕಿದವಳದು.”

ಮಗಳು ಒಂದು ಕ್ಷಣ ಸುಮ್ಮನಾದಳು. “ಅದು ಯಾರಿಗೂ ಗೊತ್ತಿಲ್ಲ ಅಮ್ಮ” ಎಂದಳು.

ನನ್ನ ಕೈ ಅಲ್ಲೇ ನಿಂತಿತು. ಈ ಕಥೆಯನ್ನು ಎಲ್ಲರೂ ತಮಾಷೆಗೆ ಹೇಳುತ್ತಾರೆ. ಕೇಳಿದವರು ನಗುತ್ತಾರೆ. ಗೆದ್ದದ್ದು ಅವನ ನಾಲಿಗೆ, ಸೋತದ್ದು ಅವಳ ಸಿಟ್ಟು. ಆ ರಾತ್ರಿ ದೀಪ ಹಚ್ಚಿಟ್ಟುಕೊಂಡು ಅವಳು ಎಷ್ಟು ಹೊತ್ತು ಕಾದಿದ್ದಳು, ಅದು ಎಷ್ಟನೆಯ ಶನಿವಾರ ಎಂದು ಯಾರೂ ಕೇಳಿಲ್ಲ. ಅವಳ ನೋವು ಅವನಿಗೆ ರುಚಿಯಾಯಿತು, ಆಮೇಲೆ ವ್ಯಾಪಾರವಾಯಿತು, ಆಮೇಲೆ ಊರಿಗೆಲ್ಲ ಹೆಮ್ಮೆಯಾಯಿತು.

ಆಗ ಮಗಳಿಗೆ ನಾನು ಅದುವರೆಗೂ ಹೇಳದಿದ್ದ ಒಂದು ಸಂಗತಿ ಹೇಳಿದೆ. ಅದು ನನ್ನ ಅವ್ವನದು.

ನಮ್ಮ ಕಡೆ ಯುಗಾದಿಯ ಮಾರನೆಯ ದಿನ ವರ್ಷತೊಡಕು. ಹಬ್ಬದ ದಿನ ಹೋಳಿಗೆ, ಮಾರನೆಯ ದಿನ ಮಾಂಸದಡುಗೆ. ಊರ ಗಂಡಸರೆಲ್ಲ ಆ ಎರಡು ದಿನ ಇಸ್ಪೀಟಿಗೆ ಕೂರುವುದೂ ವಾಡಿಕೆ. ನಮ್ಮಪ್ಪ ವರ್ಷವಿಡೀ ಕೂರುತ್ತಿದ್ದರು, ಆ ದಿನಗಳಲ್ಲಿ ಏಳುತ್ತಲೇ ಇರಲಿಲ್ಲ. ನನಗೆ ಎಂಟೋ ಒಂಬತ್ತೋ ವರ್ಷವಿದ್ದಾಗಿನ ವರ್ಷತೊಡಕು. ಎರಡು ನಾಟಿ ಕೋಳಿ ಕೊಯ್ದಿದ್ದರು. ಅವ್ವ ನಮಗೆಲ್ಲ ಬಡಿಸಿದ ಮೇಲೆ ಅಪ್ಪನ ಪಾಲನ್ನು ಬೇರೆ ಗಡಿಗೆಗೆ ತೆಗೆದಿಟ್ಟರು. ರಾತ್ರಿ ಒರಳಿನ ಸದ್ದು ಕೇಳಿ ನನಗೆ ಎಚ್ಚರವಾಯಿತು. ಅಷ್ಟು ಹೊತ್ತಿನಲ್ಲಿ ಯಾವ ಖಾರ ರುಬ್ಬುತ್ತಿದ್ದಾರೆಂದು ಇಣುಕಿದರೆ, ಬೊಗಸೆ ತುಂಬ ಒಣಮೆಣಸಿನಕಾಯಿ, ಬೇರೇನೂ ಇಲ್ಲ. ಅಪ್ಪ ಬಂದದ್ದು ಮಧ್ಯರಾತ್ರಿ ಕಳೆದ ಮೇಲೆ. ಅವ್ವ ಎದ್ದು ಬಡಿಸಿದರು. ಅಪ್ಪ ಎರಡು ತುತ್ತು ಉಂಡರು, ತಲೆಯೆತ್ತಿ ಅವ್ವನ ಮುಖ ನೋಡಿದರು, ಕೆಮ್ಮಿದರು, ಕೈತೊಳೆದು ಒಂದು ಚೊಂಬು ಮಜ್ಜಿಗೆ ಕುಡಿದು ಜಗಲಿಗೆ ಹೋಗಿ ಮಲಗಿದರು. ಮಾತಿಲ್ಲ, ಕತೆಯಿಲ್ಲ. ಮುಂದಿನ ವರ್ಷದಿಂದ ಅಪ್ಪ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದರು ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ಆದರೆ ಹಾಗೇನೂ ಆಗಲಿಲ್ಲ.

ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಒಮ್ಮೆ ಅವ್ವನನ್ನು ಕೇಳಿದ್ದೆ, ಅವತ್ತು ಯಾಕೆ ಹಾಗೆ ಮಾಡಿದೆ ಎಂದು. ಅವ್ವ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ತಲೆಯೆತ್ತದೆ, “ಒಂದ್ಸಲನಾದ್ರೂ ಆ ಕಣ್ಣಾಗೆ ನೀರು ಬರ್ಲಿ ಅಂತ ಕಣವ್ವ. ನನ್ ಕಣ್ಣಾಗೆ ದಿನಾ ಬರ್ತಿತ್ತಲ್ಲ” ಎಂದರು.

ಇಷ್ಟನ್ನು ಕೇಳಿಸಿಕೊಂಡ ಮಗಳು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, “ಮಿಕ್ಕ ಕೋಳಿ ಏನಾಯ್ತು ಅಮ್ಮ?” ಎಂದಳು.

ಏನಾಯಿತೆಂದು ನನಗೆ ಚೆನ್ನಾಗಿ ನೆನಪಿದೆ. ವರ್ಷಕ್ಕೆ ನಾಲ್ಕೈದು ಸಲ ಕೋಳಿ ಕೊಯ್ಯುವ ಮನೆಯಲ್ಲಿ ಅದನ್ನು ಚೆಲ್ಲುವವರು ಯಾರು? ಬೆಳಗ್ಗೆ ಅವ್ವ ಆ ತುಂಡುಗಳನ್ನು ಬಿಸಿನೀರಿನಲ್ಲಿ ಒಂದೊಂದಾಗಿ ತೊಳೆದು, ನಿನ್ನೆಯ ತಂಗಳು ಮುದ್ದೆಯ ಜೊತೆ ಎರಡು ಹೊತ್ತು ತಾವೊಬ್ಬರೇ ತಿಂದರು. ಖಾರ ಹಾಕಿದವಳೇ ಖಾರ ತಿಂದಳು. ಆದರೆ ಅವತ್ತು ಅವ್ವನ ತಟ್ಟೆಯಲ್ಲಿ ತೊಡೆಯ ತುಂಡಿತ್ತು. ನನಗೆ ತಿಳಿದ ಹಾಗೆ ಅವರು ಅದನ್ನು ತಿಂದದ್ದು ಅದೊಂದೇ ಸಲ. ಮಿಕ್ಕಂತೆ ಕೋಳಿಯ ಪಾಲು ನಿಮಗೂ ಗೊತ್ತಿರುವುದೇ. ತೊಡೆ ಅಪ್ಪನಿಗೆ, ಅಣ್ಣನಿಗೆ. ಎದೆಯ ತುಂಡು ನೆಂಟರಿಗೆ. ಈಲಿ ಗುಂಡಿಗೆ ಮಕ್ಕಳಿಗೆ. ಬಡಿಸುವವಳಿಗೆ ಕೊನೆಗೆ ಕತ್ತು, ರೆಕ್ಕೆಯ ತುದಿ, ಗಡಿಗೆಯ ತಳದ ಸಾರು.

ನನ್ನ ಕೈಯಲ್ಲಿದ್ದ ಸ್ಯಾಂಡ್‌ವಿಚ್ಚನ್ನು ನೋಡಿದೆ. ಇದರಲ್ಲಿ ತೊಡೆಯಿಲ್ಲ, ಕತ್ತಿಲ್ಲ. ಪಕ್ಕದ ಮೇಜಿನ ದಪ್ಪ ಮೀಸೆಯವನಿಗೂ, ಕೆಲಸ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದ ನರ್ಸಮ್ಮನಿಗೂ, ನನಗೂ, ನನ್ನ ಮಗಳಿಗೂ ಒಂದೇ ಅಳತೆಯ ತುಂಡು. ಕೊಟ್ಟ ಹಣಕ್ಕೆ ಬಂದ ಸಮಾನತೆ ಎಂದು ನೀವು ಮೂಗು ಮುರಿಯಬಹುದು. ಆದರೂ ಇನ್ನೊಬ್ಬರ ಊಟ ಮುಗಿಯಲೆಂದು ಕಾಯದೆ, ಯಾರ ಪಾಲು ಎಷ್ಟೆಂದು ಲೆಕ್ಕ ಹಾಕದೆ, ಒಂದು ಇಡೀ ತುಂಡು ಕೋಳಿಯನ್ನು ಬಿಸಿಬಿಸಿಯಾಗಿ ಕೂತು ತಿನ್ನುವ ಸುಖ ಅವ್ವನಿಗೆ ಸಿಕ್ಕಿರಲಿಲ್ಲ. ನಾನು ಬೆವರು ಒರೆಸಿಕೊಳ್ಳುತ್ತಾ, ಹಾಲು ಕುಡಿಯುತ್ತಾ ಕೊನೆಯ ತುಣುಕಿನವರೆಗೂ ತಿಂದೆ. ಕಣ್ಣಲ್ಲಿ ನೀರು ಬರುತ್ತಲೇ ಇತ್ತು. ಖಾರದ ಹೋಟೆಲಿನಲ್ಲಿ ಒಂದು ಅನುಕೂಲವಿದೆ, ಯಾರೂ ಯಾಕೆಂದು ಕೇಳುವುದಿಲ್ಲ.

ಮನೆಗೆ ಬಂದ ಮೇಲೆ ಮಗಳು ಆ ಊರಿನ ಕೋಳಿಯ ಬಗ್ಗೆ ಇನ್ನಷ್ಟು ಓದಿಸಿದಳು. ಪ್ರಿನ್ಸ್ ಹೋಟೆಲಿನ ಕಥೆಯಲ್ಲಿ ಮುಂದೆ ಒಬ್ಬ ಹೆಸರಿರುವ ಹೆಂಗಸು ಬರುತ್ತಾಳೆ. 1980ರಲ್ಲಿ ಹೋಟೆಲಿನ ಹೊಣೆ ಹೊತ್ತವರು ಥಾರ್ನ್‌ಟನ್ ಪ್ರಿನ್ಸ್‌ಗೆ ಮೊಮ್ಮಗಳ ವರಸೆಯಾಗಬೇಕಾದ ಆಂಡ್ರೆ ಪ್ರಿನ್ಸ್ ಜೆಫ್ರೀಸ್. ಅಲ್ಲಿಯವರೆಗೆ ಬೇರೆ ಹೆಸರಿದ್ದ ಹೋಟೆಲಿಗೆ ‘ಪ್ರಿನ್ಸಸ್ ಹಾಟ್ ಚಿಕನ್ ಶ್ಯಾಕ್’ ಎಂಬ ಈಗಿನ ಹೆಸರು ಬಂದದ್ದು ಅವರಿಂದ. 2013ರಲ್ಲಿ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನ ಆ ಹೋಟೆಲಿಗೆ ಪ್ರಶಸ್ತಿ ಕೊಟ್ಟಿತು. ವರ್ಣಭೇದದ ಕಾಲದಲ್ಲಿ ಕಪ್ಪು ಜನರಿಗೆ ಹಿಂಬಾಗಿಲು ತೋರಿಸುತ್ತಿದ್ದ ಊರಿನಲ್ಲಿ, ಈ ಕಪ್ಪು ಜನರ ಹೋಟೆಲಿಗೆ ಮಾತ್ರ ಬಿಳಿಯರು ಹಿಂದಿನಿಂದ ಬಂದು ಹಿಂದಿನ ಕೋಣೆಯಲ್ಲಿ ಕೂತು ತಿನ್ನುತ್ತಿದ್ದರಂತೆ. ರೈಮನ್ ಸಭಾಂಗಣದಲ್ಲಿ ಹಾಡು ಮುಗಿಸಿದ ಹೆಸರಾಂತ ಗಾಯಕರೂ ಹಾಗೇ ಬರುತ್ತಿದ್ದರಂತೆ.

ಅದಕ್ಕೂ ಹಿಂದಿನ ಇನ್ನೊಂದು ಕಥೆ ನನ್ನ ಮನಸ್ಸನ್ನು ಹೆಚ್ಚು ಹಿಡಿಯಿತು. ಅಮೆರಿಕದ ಅಂತರ್ಯುದ್ಧ ಮುಗಿದದ್ದು 1865ರಲ್ಲಿ. ಜೀತದಿಂದ ಬಿಡುಗಡೆಯಾದ ಜನರ ಕೈಯಲ್ಲಿ ಬಿಡಿಗಾಸಿಲ್ಲ. ವರ್ಜೀನಿಯಾ ರಾಜ್ಯದ ಗಾರ್ಡನ್ಸ್‌ವಿಲ್ ಎಂಬಲ್ಲಿ ರೈಲು ನಿಲ್ಲುತ್ತಿತ್ತು. ಆಗ ರೈಲಿನೊಳಗೆ ಊಟ ಕೊಡುವ ವ್ಯವಸ್ಥೆ ಇರಲಿಲ್ಲ. ಕಪ್ಪು ಹೆಂಗಸರು ಕರಿದ ಕೋಳಿಯನ್ನೂ ಕಾಫಿಯನ್ನೂ ತಟ್ಟೆಯಲ್ಲಿಟ್ಟು, ತಲೆಯ ಮೇಲೆ ಹೊತ್ತು ಓಡಿಬಂದು ಕಿಟಕಿಯಲ್ಲಿ ಕೊಡುತ್ತಿದ್ದರು. ನಮ್ಮ ಸ್ಟೇಷನ್ನುಗಳಲ್ಲಿ ವಡೆ, ಸೌತೆಕಾಯಿ, ಕಡಲೆಕಾಯಿ ಮಾರುವವರು ಕಣ್ಣ ಮುಂದೆ ಬಂದರು. ಆ ಕಾಸಿನಿಂದ ಅವರು ಮಕ್ಕಳನ್ನು ಸಾಕಿದರು, ಸ್ವಂತ ಮನೆ ಮಾಡಿಕೊಂಡರು. ಸೈಕಿ ವಿಲಿಯಮ್ಸ್-ಫೋರ್ಸನ್ ಎಂಬ ವಿದುಷಿ ಈ ಹೆಂಗಸರ ಬಗ್ಗೆ 2006ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಕೋಳಿಯ ಕಾಲುಗಳಿಂದ ಮನೆ ಕಟ್ಟುವುದು ಎಂಬ ಅರ್ಥದ ಹೆಸರು ಆ ಪುಸ್ತಕಕ್ಕೆ. ಅದೇ ಒಲೆ, ಅದೇ ಬಾಣಲೆ, ಅದೇ ಕೋಳಿ. ಒಬ್ಬಳ ಕೈಯಲ್ಲಿ ಅದು ಯಾರಿಗೂ ಮುಟ್ಟದ ಸಿಟ್ಟಾಯಿತು, ಇನ್ನೊಬ್ಬಳ ಕೈಯಲ್ಲಿ ಸೂರಾಯಿತು. ವ್ಯತ್ಯಾಸ ಎಲ್ಲಿದೆ ಎಂದರೆ, ಮಾರಿದ ಕಾಸು ಯಾರ ಸೆರಗಿನ ಗಂಟಿಗೆ ಬಂತು ಎನ್ನುವುದರಲ್ಲಿ.

ಅವ್ವನ ಸೆರಗಿನಲ್ಲಿ ಗಂಟಿರಲಿಲ್ಲ. ಹೆಸರನ್ನೂ ಯಾರೂ ಕರೆಯುತ್ತಿರಲಿಲ್ಲ. ಅಪ್ಪನಿಗೆ ಅವರು ‘ಇವಳೇ’, ನಮಗೆ ಅವ್ವ, ಓರಗಿತ್ತಿಯರಿಗೆ ಅಕ್ಕ, ಊರಿಗೆ ‘ಮೇಲಿನ ಮನೆಯವರು’. ಹೆಸರು ಇದ್ದದ್ದು ರೇಷನ್ ಕಾರ್ಡಿನಲ್ಲಿ, ಅದೂ ಎರಡನೆಯ ಸಾಲಿನಲ್ಲಿ. ಆದರೆ ಅವರು ಮಾಡುತ್ತಿದ್ದ ಕೋಳಿಸಾರನ್ನು ನೆಂಟರಿಷ್ಟರೆಲ್ಲ ಇಂದಿಗೂ ಹೊಗಳುತ್ತಾರೆ, ನಮ್ಮಪ್ಪನ ಹೆಸರು ಹೇಳಿ ‘ಅವರ ಮನೆ ಸಾರು’ ಎಂದು. ಪ್ರಿನ್ಸನ ಕೋಳಿ ಇದ್ದ ಹಾಗೆ.

ಊರಿಗೆ ಹಿಂದಿರುಗುವ ಮುಂಚೆ ಮಗಳು ಆ ಸಾರಿನ ವಿಧಾನವನ್ನು ನನ್ನಿಂದ ಬರೆಸಿಕೊಂಡಳು. ಎಷ್ಟು ಧನಿಯಾ, ಎಷ್ಟು ಗಸಗಸೆ, ಬಣ್ಣಕ್ಕೆ ಎಷ್ಟು ಬ್ಯಾಡಗಿ, ಖಾರಕ್ಕೆ ಎಷ್ಟು ಗುಂಟೂರು, ಎಲ್ಲ ಲೆಕ್ಕ ಹಾಕಿ ಬರೆದೆ. ಮೇಲೆ ‘ನಾಟಿ ಕೋಳಿ ಸಾರು’ ಎಂದು ಬರೆಯಲು ಹೊರಟವಳನ್ನು ತಡೆದು ಅವಳು ಅವಳ ಅಜ್ಜಿಯ ಪೂರ್ತಿ ಹೆಸರನ್ನು ಬರೆಸಿದಳು.

ಜೂನ್‌ನಲ್ಲಿ ಶಾಲೆ ಶುರುವಾದಾಗ ಎಂಟನೆಯ ತರಗತಿಗೆ ‘ನಮ್ಮ ಮನೆಯ ಅಡುಗೆ’ ಎಂಬ ಪ್ರಬಂಧ ಕೊಟ್ಟೆ. ಪ್ರತಿ ವರ್ಷ ಕೊಡುವುದೇ. ಈ ಸಲ ಒಂದು ನಿಯಮ ಸೇರಿಸಿದೆ, ಮಾಡುವವರ ಹೆಸರಿನಿಂದ ಮೊದಲ ವಾಕ್ಯ ಆರಂಭವಾಗಬೇಕು. ಅಮ್ಮ, ಅಜ್ಜಿ ಎಂದರೆ ಸಾಲದು. ನಾಲ್ಕೈದು ಮಕ್ಕಳು ಅಜ್ಜಿಯ ಹೆಸರು ಗೊತ್ತಿಲ್ಲವೆಂದು ನಿಂತುಕೊಂಡರು. “ಮನೆಗೆ ಹೋಗಿ ಕೇಳಿಕೊಂಡು ಬನ್ನಿ” ಎಂದು ಕಳಿಸಿದೆ. ಮಾರನೆಯ ದಿನ ಒಬ್ಬ ಹುಡುಗ ಬಂದು, “ಮಿಸ್, ಅಜ್ಜಿ ಹೆಸರು ಹೇಳಲೇ ಇಲ್ಲ. ನಾಚಿಕೊಂಡು ಒಳಗೆ ಹೋಗಿಬಿಟ್ಟರು. ಆಮೇಲೆ ನನ್ನನ್ನು ಒಬ್ಬನನ್ನೇ ಕರೆದು ಕಿವಿಯಲ್ಲಿ ಹೇಳಿದರು” ಎಂದ. ಆ ಹೆಸರನ್ನು ಅವನು ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ದುಂಡಗೆ, ಸ್ವಲ್ಪ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದ.